ತಾಸಿಗೆ ಆರು ರೂಪಾಯಿ: ಬಳ್ಳಾರಿಯ ಒಂದು ಮನೆಯ ಲೆಕ್ಕ

2024ರ ಆಗಸ್ಟ್ ಕೊನೆಯ ವಾರ. ಬಳ್ಳಾರಿಯ ಕೌಲ್ ಬಜಾರ್ ಕಡೆಯ ಒಂದು ಓಣಿ. ಅಕ್ಕನ ಮನೆಗೆ ನಲ್ಲಿ ನೀರು ಬಂದ ದಿನ. ಅವರ ನಲ್ಲಿ ಒಂದು ಗುಂಡಿಯೊಳಗೆ ಇದೆ, ಕೊಡ ಇಳಿಸಿ ತುಂಬಿ ಮೇಲೆತ್ತಬೇಕು. ಎರಡು ಡ್ರಮ್ ತುಂಬಿಸಿ ಮೂರನೆಯದಕ್ಕೆ ಕೊಡ ಎತ್ತುವಾಗ ಅಕ್ಕ ಗೋಡೆ ಹಿಡಿದು ಕೂತುಬಿಟ್ಟಳು. "ಬಿದ್ದಿಲ್ಲ, ಕೂತೆ ಅಷ್ಟೇ" ಎಂದು ಈಗಲೂ ವಾದ ಮಾಡುತ್ತಾಳೆ. ಕೊಡ ಮಾತ್ರ ಬಿತ್ತು, ನೆಗ್ಗಿತು. ಆ ನೆಗ್ಗಿದ ಕೊಡ ಇನ್ನೂ ಬಳಕೆಯಲ್ಲಿದೆ.

ನಾನು ಅವಳ ತಂಗಿ. ಕೊಪ್ಪಳ ತಾಲೂಕಿನಲ್ಲಿ ಮಹಿಳಾ ಸಂಘಗಳ ಲೆಕ್ಕದ ಪುಸ್ತಕ ಬರೆಯುತ್ತೇನೆ. ಹತ್ತಾರು ಸಂಘಗಳ ಉಳಿತಾಯ, ಸಾಲ, ಬಡ್ಡಿ ಬರೆದ ಕೈ ಇದು. ಆದರೆ ಸ್ವಂತ ಅಕ್ಕನ ಮನೆಯ ಲೆಕ್ಕಕ್ಕೆ ಕೂತಿದ್ದು ಅವತ್ತೇ ಮೊದಲು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಹೆಸರು ಹಾಕಬ್ಯಾಡ, ಉಳಿದದ್ದು ಏನರ ಬರ್ಕೋ" ಎಂದಳು.

ಮನೆಯಲ್ಲಿ ಐದು ಜನ. ಭಾವ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಟೇಲರ್, ಪೀಸ್ ಲೆಕ್ಕದ ಕೂಲಿ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಕಂಟೋನ್ಮೆಂಟ್ ಇತ್ತು. ಸಿಪಾಯಿಗಳಿಗೆ ಬಟ್ಟೆ ಹೊಲಿದವರ ಕಸುಬೇ ಮುಂದೆ ಜೀನ್ಸ್‌ಗೆ ತಿರುಗಿತು ಎಂದು ಊರಲ್ಲಿ ಹೇಳುತ್ತಾರೆ. ಈ ಕಸುಬಿಗೆ ಒಂದು ಏರಿಳಿತ ಇದೆ. ದಸರಾ, ದೀಪಾವಳಿ, ಯುಗಾದಿ ಮುಂದೆ ಬಂದರೆ ಹಗಲು ರಾತ್ರಿ ಕೆಲಸ. ಆಷಾಢದಲ್ಲಿ ಮಷಿನ್ ಮೇಲೆ ಧೂಳು. ಒಳ್ಳೆ ತಿಂಗಳಲ್ಲಿ ಭಾವ 15 ಸಾವಿರ ತರುತ್ತಾರೆ, ಕೆಟ್ಟ ತಿಂಗಳಲ್ಲಿ 9 ಸಾವಿರ. ಅದರಲ್ಲಿ ಬಾಡಿಗೆಗೇ 3,500. ಅಕ್ಕನ ಅತ್ತೆಗೆ ಮೊಣಕಾಲು ನೋವು, ಬಿಪಿ. ಮಗಳು ಒಂಬತ್ತನೇ ಕ್ಲಾಸು, ಮಗ ಐದನೇ ಕ್ಲಾಸು, ಇಬ್ಬರೂ ಸರ್ಕಾರಿ ಶಾಲೆ.

ಅಕ್ಕ ಮನೆಯಲ್ಲಿ ಕೂತು ದಾರ ಕಟಿಂಗ್ ಮಾಡುತ್ತಿದ್ದಳು. ಹೊಲಿದ ಪ್ಯಾಂಟಿನ ಹೊಲಿಗೆಯ ಅಂಚಿಗೆ ಜೋತುಬಿದ್ದ ದಾರಗಳನ್ನು ಕತ್ತರಿಸಿ ಶುದ್ಧ ಮಾಡುವ ಕೆಲಸ. ಓಣಿಯಲ್ಲಿ ಅರ್ಧಕ್ಕರ್ಧ ಹೆಂಗಸರು ಮಾಡುತ್ತಾರೆ. ಪೀಸಿಗೆ ಒಂದೂವರೆ ರೂಪಾಯಿ. ದಿನಕ್ಕೆ 40 ಪೀಸು, ತಿಂಗಳಿಗೆ 24 ದಿನ. 1,440 ರೂಪಾಯಿ.

ನೀರಿನ ಗುಂಡಿಯ ಘಟನೆ ಆದ ಮೇಲೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಿಮೋಗ್ಲೋಬಿನ್ 8.4 ಬಂತು. ಹೆಣ್ಣುಮಕ್ಕಳಿಗೆ 12 ಆದರೂ ಇರಬೇಕು. ಡಾಕ್ಟರ್ ಒಂದೊಂದೇ ಕೇಳುತ್ತಾ ಹೋದರು. ಎರಡು ವರ್ಷದಿಂದ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿತ್ತಂತೆ. ಇವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ, ನನ್ನ ಮುಂದೆ ಸಹ. ಮಧ್ಯಾಹ್ನ ಹಸಿವಾದರೆ ಚಾ ಕುಡಿದು ಹಸಿವು ಕೊಲ್ಲುತ್ತಿದ್ದಳು. ರೊಟ್ಟಿ ತಿಂದರೂ ಪಕ್ಕದಲ್ಲಿ ಚಾ ಲೋಟ. ಊಟದ ಜೊತೆ ಚಾ ಕುಡಿದರೆ ಊಟದಲ್ಲಿರುವ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದು ಡಾಕ್ಟರ್ ಹೇಳಿದಾಗ ಅಕ್ಕ ನನ್ನ ಮುಖ ನೋಡಿದಳು, ಚಾ ಬಿಡಿಸಲು ನಾನೇ ಡಾಕ್ಟರಿಗೆ ಹೇಳಿಕೊಟ್ಟಿದ್ದೇನೆ ಎನ್ನುವ ಹಾಗೆ. ಗುಳಿಗೆ ಪುಕ್ಕಟೆ ಸಿಕ್ಕವು. ಸ್ಕ್ಯಾನಿಂಗ್ ಹೊರಗೆ ಮಾಡಿಸಿದೆವು, 900 ರೂಪಾಯಿ. ಭಯಪಡುವಂಥದ್ದೇನೂ ಇರಲಿಲ್ಲ. "ಆರು ತಿಂಗಳು ಗುಳಿಗೆ ತಗೊಳ್ಳಿ, ಭಾರ ಎತ್ತುವುದು ಕಡಿಮೆ ಮಾಡಿ, ರೆಸ್ಟ್ ಮಾಡಿ" ಎಂದರು.

ರೆಸ್ಟ್ ಮಾಡಿ. ಎಲ್ಲಿಂದ ತರುವುದು ಅದನ್ನು?

ಸಂಘದಲ್ಲಿ ಯಾರಾದರೂ ಕಂತು ಕಟ್ಟಲು ಆಗುತ್ತಿಲ್ಲ ಎಂದರೆ ನಾವು ಮೊದಲು ಕೇಳುವುದು, ದುಡ್ಡು ಎಲ್ಲಿ ಹೋಗುತ್ತಿದೆ ಬರೆದುಕೊಂಡು ಬಾ ಎಂದು. ಅದನ್ನೇ ಇಲ್ಲೂ ಮಾಡಿದೆ. ಆದರೆ ಅಕ್ಕನ ಮನೆಯಲ್ಲಿ ದುಡ್ಡಿನ ಲೆಕ್ಕ ಮೊದಲೇ ಚೊಕ್ಕ ಇತ್ತು. ಐದು ರೂಪಾಯಿ ಕೊತ್ತಂಬರಿಯೂ ಅವಳ ಬಾಯಲ್ಲಿ ಇರುತ್ತದೆ. ಇಲ್ಲದ್ದು ಅವಳ ಮೈಯ ಲೆಕ್ಕ. ಅದಕ್ಕೆ ಮಗಳ ಹಳೆ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಾಲ್ಕು ಗೆರೆ ಎಳೆದೆವು. ಕೂತು ಮಾಡಿದ ಕೆಲಸ, ನಿಂತು ಮಾಡಿದ ಕೆಲಸ, ಹೊತ್ತು ಮಾಡಿದ ಕೆಲಸ, ನಿದ್ದೆ. ಎರಡು ವಾರ ಮಗಳು ಅವ್ವನ ಹಿಂದೆ ಹಿಂದೆ ಹೋಗಿ ತಾಸು ನಿಮಿಷ ಬರೆದಳು.

ನಾನು ಅಂದುಕೊಂಡಿದ್ದು ಒಂದು, ಹೊರಬಿದ್ದದ್ದು ಇನ್ನೊಂದು. ರೊಟ್ಟಿಯೇ ಶತ್ರು ಎಂದು ನಾನು ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದೆ. ದಿನಕ್ಕೆ 20 ಜೋಳದ ರೊಟ್ಟಿ, ಎಸರು ಇಡುವುದರಿಂದ ಹಿಡಿದು ಹಂಚು ಇಳಿಸುವವರೆಗೆ ಒಂದೂವರೆ ತಾಸು, ಎಲ್ಲಾ ನಿಂತೇ. ಈಗ ಊರ ತುಂಬಾ ಖಡಕ್ ರೊಟ್ಟಿ ಮಾರುತ್ತಾರೆ. ಕೊಂಡು ತಂದರೆ ಆಯಿತು ಅಲ್ವಾ? ಲೆಕ್ಕ ಹಾಕಿದೆ. ಓಣಿಯ ತುದಿಯಲ್ಲಿ ರೊಟ್ಟಿ ಮಾಡಿ ಮಾರುವ ಅಜ್ಜಿಯ ಹತ್ತಿರ ಒಂದಕ್ಕೆ 7 ರೂಪಾಯಿ. ಮನೆಯಲ್ಲಿ ಜೋಳ, ಗಿರಣಿ, ಗ್ಯಾಸ್ ಎಲ್ಲಾ ಸೇರಿ ನಾಲ್ಕು ರೂಪಾಯಿಯೊಳಗೆ. ಒಂದು ರೊಟ್ಟಿಗೆ ಮೂರು ರೂಪಾಯಿ ಉಳಿತಾಯ. 20 ರೊಟ್ಟಿಗೆ 60. ಒಂದೂವರೆ ತಾಸಿಗೆ 60 ಎಂದರೆ ತಾಸಿಗೆ 40 ರೂಪಾಯಿ.

ಇನ್ನು ದಾರ ಕಟಿಂಗ್. ತಾಸಿಗೆ 14-15 ಪೀಸು ಆಗುತ್ತದೆ. ಅಂದರೆ 22 ರೂಪಾಯಿ ಹತ್ತಿರ. ರೊಟ್ಟಿಯ ಅರ್ಧ. ಇಷ್ಟಕ್ಕೇ ನಿಲ್ಲಲಿಲ್ಲ. ಬಂಡಲ್ ತರಲು, ಮುಟ್ಟಿಸಲು ವಾರಕ್ಕೆ ಎರಡು ಸಲ ಆಟೋ, ಒಂದು ಸಲಕ್ಕೆ 30. ತಿಂಗಳಿಗೆ 240. "ನಾಳೆ ಬೆಳಿಗ್ಗೆ ಲಾಟ್ ಹೋಗಬೇಕು" ಎಂದು ಮೇಸ್ತ್ರಿ ಹೇಳಿದ ರಾತ್ರಿ ಅಡುಗೆ ಇಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಪಾರ್ಸೆಲ್. ಐದು ಜನಕ್ಕೆ 130 ರೂಪಾಯಿ. ಅಂಥ ರಾತ್ರಿ ತಿಂಗಳಿಗೆ ಆರು. 780 ಆಯಿತು. 1,440ರಲ್ಲಿ 240 ಹೋಯಿತು, 780 ಹೋಯಿತು. ಉಳಿದದ್ದು 420. ಅದಕ್ಕೆ ಅವಳು ಕೊಟ್ಟದ್ದು 66 ತಾಸು.

ತಾಸಿಗೆ ಆರು ರೂಪಾಯಿ ಚಿಲ್ಲರೆ.

ನಾನು ಹಾಳೆ ತಿರುಗಿಸಿ ಮತ್ತೆ ಕೂಡಿದೆ. ಅಷ್ಟೇ ಬಂತು. ಮೇಲಾಗಿ ಇದು 'ಕೂತು' ಮಾಡುವ ಕೆಲಸವಾದರೂ ತಿಂದದ್ದು ನಿದ್ದೆಯ ಕಾಲಂ. ಆ ಎರಡು ವಾರದಲ್ಲಿ ಒಂಬತ್ತು ರಾತ್ರಿ ಅವಳು ಮಲಗಿದ್ದು ಹನ್ನೆರಡು ಗಂಟೆ ಮೇಲೆ. ನೀರು ಬಂದರೆ ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು. ನೀಲಿ ನೂಲಿನ ಧೂಳು ಮೂಗಿನೊಳಗೆ ಹೋಗಿ ಸೀನು ಬೇರೆ.

ಹಾಗಾದರೆ ದಾರ ಕಟಿಂಗ್ ಬಿಡು ಎಂದೆ. ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಅಕ್ಕನೇ ಮೊದಲು ಒಪ್ಪಲಿಲ್ಲ. "ರೊಟ್ಟಿ ಬಡಿದ್ರೆ ಕೈಗೆ ರೊಕ್ಕ ಬರ್ತೈತೇನು? ಇದು ನನ್ನ ರೊಕ್ಕ" ಎಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಶನಿವಾರ ಮೇಸ್ತ್ರಿ ಎಣಿಸಿಕೊಡುವ ನೋಟು ಅವಳದ್ದು, ಅದನ್ನು ಯಾರಿಗೂ ಕೇಳದೆ ಖರ್ಚು ಮಾಡಬಹುದು. ರೊಟ್ಟಿಯಿಂದ ದಿನಕ್ಕೆ ಉಳಿದ 60 ರೂಪಾಯಿಯನ್ನು ಯಾರೂ ಅವಳ ಕೈಗೆ ಎಣಿಸಿ ಕೊಡುವುದಿಲ್ಲ. ಅತ್ತೆಯವರದ್ದು ಬೇರೆ ಚಿಂತೆ. "ದುಡಿಯೋ ಕೈ ಬಿಟ್ರೆ ಹೆಂಗವ್ವಾ, ಸುಮ್ನೆ ಕುಂತ್ರೆ ಯಾರು ಕೊಡ್ತಾರ?" ಭಾವ ಮಾತಾಡಲಿಲ್ಲ. ಹಾಳೆ ನೋಡಿ, 780ರ ಮೇಲೆ ಬೆರಳಿಟ್ಟು, "ಮಿರ್ಚಿ ಇಷ್ಟ್ ತಿಂದೀವೇನು?" ಎಂದರು.

ದಾರ ನಿಂತಿದ್ದು ವಾದದಿಂದಲ್ಲ. ಮುಂದಿನ ವಾರ ಅವಳಿಗೆ ಜ್ವರ ಬಂದು ಬಂಡಲ್ ವಾಪಸ್ ಹೋಯಿತು. ಎಂಟು ದಿನ ದಾರ ಇಲ್ಲದೆ ಮನೆ ನಡೆಯಿತು. ಅದನ್ನು ಎಲ್ಲರೂ ನೋಡಿದರು.

ಈಗ ದುಡ್ಡಿನ ಕಡೆ ಬರೋಣ. 420 ಹೋಯಿತು. ಅಕ್ಕನಿಗೆ, ಮಗಳಿಗೆ ದಿನಕ್ಕೊಂದು ಮೊಟ್ಟೆ ಶುರು ಮಾಡಿದೆವು, ಅದು 390. ಹೆಚ್ಚುಕಮ್ಮಿ 800 ರೂಪಾಯಿಯ ತೂತು. ಬೇರೆ ಕಡೆ ಉಳಿಸಿ ಅದನ್ನು ಮುಚ್ಚಿದೆವು ಎಂದು ಬರೆದರೆ ಸುಳ್ಳಾಗುತ್ತದೆ. ಮುಚ್ಚಿದ್ದು ಅತ್ತೆಯವರ ಗೃಹಲಕ್ಷ್ಮಿ. ಈ ದುಡ್ಡು ರೇಷನ್ ಕಾರ್ಡಿನಲ್ಲಿ ಯಾರು ಯಜಮಾನಿಯೋ ಅವರಿಗೆ ಬರುತ್ತದೆ. ಈ ಮನೆಯಲ್ಲಿ ಅದು ಅತ್ತೆ. 2,000ದಲ್ಲಿ ಸಾವಿರ ಚೀಟಿಗೆ ಕಟ್ಟುತ್ತಿದ್ದರು. ಉಳಿದ ಸಾವಿರ ಅವರ ಬಿಪಿ ಗುಳಿಗೆ, ಎಲೆಅಡಿಕೆ, ಮೊಮ್ಮಕ್ಕಳ ಚಿಲ್ಲರೆ. ಬಿಪಿ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಗೊತ್ತಿದ್ದರೂ ಸಾಲಿನಲ್ಲಿ ನಿಲ್ಲಲಾರದೆ ಮೆಡಿಕಲ್ ಶಾಪಿನಲ್ಲಿ ಕೊಳ್ಳುತ್ತಿದ್ದರು. ಅಕ್ಕ ಹೇಗೂ ತನ್ನ ಗುಳಿಗೆಗೆ ಹೋಗುತ್ತಿದ್ದಳಲ್ಲ, ಇಬ್ಬರದ್ದೂ ಒಟ್ಟಿಗೆ ತರುವುದಾಯಿತು. ಆ ಮೇಲೆ ಅತ್ತೆ ತಾವಾಗಿಯೇ, "ಸಾವ್ರ ನಾ ಕೊಡ್ತೀನಿ, ಆದ್ರ ನನ್ನ ಚೀಟಿ ಕೇಳಬ್ಯಾಡ್ರಿ" ಎಂದರು. ಆ ದುಡ್ಡು ಪ್ರತಿ ತಿಂಗಳು ಒಂದೇ ತಾರೀಖಿಗೆ ಬರುವುದಿಲ್ಲ. ಅದಕ್ಕೆ ಬಂದಾಗ ಡಬ್ಬಿಗೆ ಹಾಕಿ, ಬೇಕಾದಾಗ ತೆಗೆಯುವ ಪದ್ಧತಿ ಮಾಡಿಕೊಂಡರು. ಡಬ್ಬಿಯ ಬೀಗದ ಕೈ ಅತ್ತೆಯ ಸೊಂಟದಲ್ಲಿ.

ರೊಟ್ಟಿ ಉಳಿಯಿತು, ಆದರೆ ಅವತಾರ ಬದಲಾಯಿತು. ಮಂಗಳವಾರ, ಶನಿವಾರ ಒಮ್ಮೆಗೇ 45 ರೊಟ್ಟಿ. ಬಿಸಿಯಾದ ಹಂಚು ಆರುವ ಮುಂಚೆ ಎಲ್ಲಾ ಮುಗಿಸಿ, ಖಡಕ್ ಮಾಡಿ ಒಣಗಿಸಿ ಡಬ್ಬಿಗೆ ತುಂಬುವುದು. ಅಕ್ಕ ಕೂತು ಬಡಿಯುತ್ತಾಳೆ, ಅತ್ತೆ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಬೇಯಿಸುತ್ತಾರೆ. ಅದಕ್ಕಾಗಿ ಗ್ಯಾಸ್ ಒಲೆಯನ್ನು ಕಟ್ಟೆಯಿಂದ ಇಳಿಸಿ ಒಂದು ತಗ್ಗು ಬೆಂಚಿನ ಮೇಲೆ ಇಟ್ಟರು. ಭಾವ ಹೊಸ ಪೈಪು ಹಾಕಿಸಿದರು. ಎರಡು ತಾಸಿನ ಕೆಲಸ. ವಾರಕ್ಕೆ ಹತ್ತೂವರೆ ತಾಸು ನಿಂತು ಮಾಡುತ್ತಿದ್ದದ್ದು ನಾಲ್ಕು ತಾಸು ಕೂತು ಮಾಡುವುದಕ್ಕೆ ಇಳಿಯಿತು. ಬಿಸಿ ಬಿಸಿ ಮೆತ್ತನೆ ರೊಟ್ಟಿ ಇಲ್ಲ ಎಂದು ಭಾವ ತಿಂಗಳುಗಟ್ಟಲೆ ಗೊಣಗಿದರು. ಪುಂಡಿ ಪಲ್ಯ ಮಾಡಿದ ದಿನ ಮಾತ್ರ ಅಕ್ಕ ನಾಲ್ಕು ಮೆತ್ತನೆ ರೊಟ್ಟಿ ಬಡಿಯುತ್ತಾಳೆ.

ದಿನಕ್ಕೆ 20 ಇದ್ದದ್ದು 13ಕ್ಕೆ ಇಳಿದದ್ದು ಹೇಗೆ? ರಾತ್ರಿ ಅನ್ನ ಮಾಡಿದೆವು. ತಲೆಗೆ 5 ಕೆಜಿಯಂತೆ ರೇಷನ್ ಅಕ್ಕಿ 25 ಕೆಜಿ ಬರುತ್ತಿತ್ತು, ಅರ್ಧ ಹಾಗೇ ಉಳಿಯುತ್ತಿತ್ತು. ಮತ್ತೆ ಮಕ್ಕಳ ಬುತ್ತಿ. ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೂ ಬಿಸಿಯೂಟ ಇದೆ. ಆದರೂ ಅಕ್ಕ ಇಬ್ಬರಿಗೂ ಬುತ್ತಿ ಕಟ್ಟುತ್ತಿದ್ದಳು. ಶಾಲೆಯ ಊಟವನ್ನೇ ನೆಚ್ಚಿಕೊಂಡಿದ್ದಾರೆ ಎಂದು ಯಾರಾದರೂ ಅಂದಾರು ಎನ್ನುವ ಭಯ. ಮಕ್ಕಳನ್ನು ಕೇಳಿದರೆ ಬುತ್ತಿ ಗೆಳೆಯರಿಗೆ ಹಂಚಿ ಅವರು ಬಿಸಿಯೂಟವನ್ನೇ ಉಣ್ಣುತ್ತಿದ್ದರು!

ಕರೆಂಟಿನ ವಿಷಯಕ್ಕೆ ಇನ್ನೊಂದು ತಪ್ಪು ತಿಳಿವಳಿಕೆ ಇತ್ತು. ಗೃಹಜ್ಯೋತಿ ಎಂದರೆ 200 ಯೂನಿಟ್ ಪುಕ್ಕಟೆ ಎಂದು ಭಾವ, ಒಂದು ಯೂನಿಟ್ ಜಾಸ್ತಿಯಾದರೂ ಬಿಲ್ ಬರುತ್ತದೆ ಎಂದು ಅತ್ತೆ. ಇಬ್ಬರದ್ದೂ ಪೂರ್ತಿ ಸರಿ ಅಲ್ಲ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ಇವರಷ್ಟು ಕರೆಂಟ್ ಬಳಸುವ ಮನೆಯ ಪುಕ್ಕಟೆ ಪಾಲು. ಇವರದ್ದು 64 ಇತ್ತು, ಪಾಲು 70. ಅದರ ಮೇಲೆ ಬಳಸಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಇದು ತಿಳಿದ ಮೇಲೆ ತಮಾಷೆಯ ಸಂಗತಿ ಹೊರಬಿತ್ತು. 70ರೊಳಗೆ ಎಷ್ಟು ಉಳಿಸಿದರೂ ಇವರಿಗೆ ಒಂದು ಪೈಸೆ ಸಿಗುವುದಿಲ್ಲ. ಆದರೆ ಅತ್ತೆಯ ಮಾತು ಕೇಳಿ ಅಕ್ಕ ಕರೆಂಟ್ ಉಳಿಸಲು ಶೇಂಗಾ ಚಟ್ನಿಯನ್ನು ಕುಟ್ಟುತ್ತಿದ್ದಳು! 500 ವ್ಯಾಟಿನ ಮಿಕ್ಸಿ ದಿನಕ್ಕೆ ಆರು ನಿಮಿಷ ತಿರುಗಿದರೆ ತಿಂಗಳಿಗೆ ಒಂದೂವರೆ ಯೂನಿಟ್. ಅದೇ ಅತ್ತೆಯ ಬಿಸಿನೀರಿನ ಕಾಯಿಲ್ 1,500 ವ್ಯಾಟ್, ದಿನಕ್ಕೆ ಅರ್ಧ ತಾಸು ಹಾಕಿದರೆ ತಿಂಗಳಿಗೆ 22 ಯೂನಿಟ್ ಮೇಲೆ. ಬಳ್ಳಾರಿ ಬಿಸಿಲಿನಲ್ಲಿ ಯಾರಾದರೂ ಕಾಯಿಲ್ ಹಾಕುತ್ತಾರಾ? ಮಧ್ಯಾಹ್ನ ಎರಡು ಬಕೆಟ್ ನೀರು ಮಾಳಿಗೆ ಮೇಲೆ ಇಟ್ಟರೆ ಸಂಜೆ ಸ್ನಾನಕ್ಕೆ ತಣ್ಣೀರು ಬೆರೆಸಬೇಕು. ಬಕೆಟ್ ಒಯ್ಯುವುದು ಮಗನ ಕೆಲಸ. ಅತ್ತೆ ಸ್ನಾನವನ್ನು ಬೆಳಿಗ್ಗೆಯಿಂದ ಸಂಜೆಗೆ ಬದಲಾಯಿಸಲು ಒಪ್ಪಿದ್ದು ದೊಡ್ಡ ಮಾತು. ಸೋಮವಾರ ಮಾತ್ರ ಬೆಳಿಗ್ಗೆಯೇ.

2025ರ ಏಪ್ರಿಲ್‌ನಲ್ಲಿ ಕೂಲರ್ ಓಡಿತು. 118 ಯೂನಿಟ್. ಮುನ್ನೂರು ರೂಪಾಯಿ ಚಿಲ್ಲರೆ ಬಿಲ್ ಬಂತು. ಕಟ್ಟಿದರು. ಆ ಸೆಕೆಯಲ್ಲಿ ನಿದ್ದೆ ಬರದಿದ್ದರೆ ಉಳಿದದ್ದೆಲ್ಲಾ ವ್ಯರ್ಥ ಎನ್ನುವುದು ಆ ಹೊತ್ತಿಗೆ ಅವರಿಗೇ ಗೊತ್ತಾಗಿತ್ತು.

ಪುಕ್ಕಟೆ ಬಸ್ಸಿನ ಬಗ್ಗೆಯೂ ಹೇಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಕ್ಕ ದಿನಾ ಸಂತೆ ಕಡೆ ಹೋಗಿ ತರಕಾರಿ ತರುತ್ತಿದ್ದಳು. ಓಣಿಯ ಗಾಡಿಗಿಂತ 15-20 ರೂಪಾಯಿ ಉಳಿತಾಯ. ಬಸ್ಸು ಕಾಯುವುದು, ನಿಲ್ಲುವುದು, ಚೀಲ ಹೊತ್ತು ನಡೆಯುವುದು ಸೇರಿ ಎರಡು ತಾಸು. ಎಲ್ಲಾ 'ನಿಂತು' ಮತ್ತು 'ಹೊತ್ತು' ಕಾಲಂನಲ್ಲಿ. ಬಸ್ಸು ಪುಕ್ಕಟೆ, ಕಾಲು ಪುಕ್ಕಟೆ ಅಲ್ಲ. ಈಗ ವಾರಕ್ಕೆ ಒಂದೇ ಸಲ ಹೋಗುತ್ತಾಳೆ, ಉಳ್ಳಾಗಡ್ಡಿ, ಬದನೆ, ಹುಳಿಗೆ ಬೇಕಾದದ್ದು ತರುತ್ತಾಳೆ. ಸೊಪ್ಪು ಗಾಡಿಯಲ್ಲಿ. ನಾನು ಈ ಬದಲಾವಣೆ ಹೇಳಿದಾಗ ಅವಳಿಗೆ ಬೇಜಾರಾಯಿತು. ಆಮೇಲೆ ತಿಳಿಯಿತು, ದಿನಾ ಮನೆ ಬಿಟ್ಟು ಹೊರಗೆ ಹೋಗಲು ಅವಳಿಗೆ ಅದೊಂದೇ ನೆಪವಾಗಿತ್ತು. ಲೆಕ್ಕದ ಹಾಳೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಈಗ ಸಂಜೆ ಪಕ್ಕದ ಮನೆಯವರ ಜೊತೆ ದುರ್ಗಮ್ಮನ ಗುಡಿಗೆ ಹೋಗಿ ಬರುತ್ತಾಳೆ, ಬರಿಗೈಯಲ್ಲಿ.

ನೀರಿನದ್ದು ಕಷ್ಟವೇ. ಎಂಟು ಹತ್ತು ದಿನಕ್ಕೊಮ್ಮೆ ಬರುವ ನೀರನ್ನು ಯಾವ ಲೆಕ್ಕವೂ ಹತ್ತಿರ ತರುವುದಿಲ್ಲ. ಗುಂಡಿಯಿಂದ ಎತ್ತುವ ಕೆಲಸ ಭಾವನದ್ದಾಯಿತು. ಹತ್ತು ತಾಸು ಮಷಿನ್ ತುಳಿದ ಮನುಷ್ಯ ನಾಲ್ಕೂವರೆಗೆ ಏಳುವುದು ಸುಲಭ ಅಲ್ಲ. ಎರಡು ಸಲ ಏಳಲಿಲ್ಲ, ಎರಡು ಸಲವೂ ಅಕ್ಕ ಕೊಡ ಹಿಡಿದಳು. ಮೂರನೇ ಸಲದ ಹೊತ್ತಿಗೆ ಓಣಿಯ ನಾಲ್ಕು ಮನೆ ಸೇರಿ ಒಂದು ಸಣ್ಣ ಮೋಟಾರ್ ಕೊಂಡರು, ಡ್ರಮ್ಮಿನಿಂದ ಮಾಳಿಗೆಯ ಸಿಂಟೆಕ್ಸ್‌ಗೆ ಏರಿಸಲು. ನಲ್ಲಿಗೇ ಹಚ್ಚುವ ಮೋಟಾರ್ ಅಲ್ಲ, ಅದು ತಪ್ಪು, ಮುಂದಿನ ಮನೆಗೆ ನೀರು ಹೋಗುವುದಿಲ್ಲ. ದೊಡ್ಡ ಬಟ್ಟೆ ಒಗೆಯುವುದು ಈಗ ನೀರು ಬಂದ ದಿನ ಮಾತ್ರ. ಚಾದರ ಎಂಟು ದಿನ ಕಾಯುತ್ತದೆ, ಏನೂ ಆಗುವುದಿಲ್ಲ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಮಗನ ಸೈಕಲ್ ಮೇಲೆ.

ನನ್ನದೇ ಒಂದು ತಪ್ಪು ಬರೆಯಲೇಬೇಕು. 2024ರ ಡಿಸೆಂಬರ್‌ನಲ್ಲಿ ಅಕ್ಕನ ಹಿಮೋಗ್ಲೋಬಿನ್ 10.9ಕ್ಕೆ ಏರಿತು. ಎಲ್ಲರಿಗೂ ಖುಷಿ. ಅದೇ ತಿಂಗಳು ಮಗಳ ಗಣಿತದ ಮಾರ್ಕ್ಸ್ ಬಂತು, 34 ಇದ್ದದ್ದು 19. ನೋಟ್‌ಬುಕ್ ತೆಗೆದು ನೋಡಿದೆ. ಅವ್ವ ಬಿಟ್ಟ ಪಾತ್ರೆ, ಕಸ, ರಾತ್ರಿ ಅನ್ನ, ತಮ್ಮನ ಹೋಂವರ್ಕ್, ಎಲ್ಲಾ ಎಲ್ಲಿ ಹೋಗಿದ್ದವು? ಬರೆಯುತ್ತಿದ್ದವಳ ಹೆಗಲಿಗೇ ಹೋಗಿದ್ದವು. ಅವಳ ಹೆಸರಿನಲ್ಲಿ ಕಾಲಂ ಎಳೆಯಬೇಕೆಂದು ನನಗೂ ಹೊಳೆಯಲಿಲ್ಲ, ಅವಳೂ ಕೇಳಲಿಲ್ಲ. ಹೆಣ್ಣುಮಗು ಕೇಳುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಪಾತ್ರೆ ಈಗ ಮಗನ ಪಾಲಿಗೆ. ಅಜ್ಜಿ ಎರಡು ದಿನ ಮುಖ ಊದಿಸಿಕೊಂಡಿದ್ದರು. "ಗಂಡ್ಮಗನ ಕೈಲಿ ಮುಸುರೆ ತಿಕ್ಕಿಸ್ತೀರಿ" ಎಂದು. ಅವನಿಗೆ ಏನೂ ಬೇಜಾರಿಲ್ಲ. ಪಾತ್ರೆ ಒಡೆಯುವುದಿಲ್ಲ, ಸ್ಟೀಲು ಎಂದ.

ಮಾರ್ಚ್‌ನಲ್ಲಿ 11.8. ಗುಳಿಗೆ ಇನ್ನೂ ಮೂರು ತಿಂಗಳು ಮುಂದುವರಿಸಲು ಹೇಳಿದರು. ಚಾ ಬಿಟ್ಟಿಲ್ಲ, ಊಟವಾಗಿ ಒಂದು ತಾಸು ಬಿಟ್ಟು ಕುಡಿಯುತ್ತಾಳೆ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುತ್ತಾಳೆ.

2025ರ ದಸರಾ ಮುಂದೆ ಮೇಸ್ತ್ರಿ ಮತ್ತೆ ಬಂದ. ಕೈ ಸಾಲುತ್ತಿಲ್ಲ, ಪೀಸಿಗೆ ಎರಡು ರೂಪಾಯಿ ಕೊಡುತ್ತೇನೆ ಎಂದ. ಅಕ್ಕ ಒಳಗೆ ಹೋಗಿ ನೋಟ್‌ಬುಕ್ ತಂದಳು. ದಿನಕ್ಕೆ 20 ಪೀಸು ಮಾತ್ರ, ಬಂಡಲ್ ನೀವೇ ತಂದು ನೀವೇ ಒಯ್ಯಬೇಕು, ರಾತ್ರಿ ಇಲ್ಲ. ಅವನು ನಕ್ಕು ಹೋದ. ಎರಡು ದಿನ ಬಿಟ್ಟು ಬಂಡಲ್ ಬಂತು. ಶನಿವಾರದ ನೋಟು ಮತ್ತೆ ಅವಳ ಕೈಗೆ ಬರುತ್ತಿದೆ.

ಅತ್ತೆಯ ಚೀಟಿ 2026ರ ಜನವರಿಗೆ ಮುಗಿಯುವಂಥದ್ದು, 20 ಸಾವಿರ. ಭಾವನಿಗೆ ಬಟ್ಟೆಯ ಅಂಚು ಹೊಲಿಯುವ ಒಂದು ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಮಷಿನ್ ಮೇಲೆ ಕಣ್ಣು, ಮನೆಯಲ್ಲೇ ನಾಲ್ಕು ಕಾಸು ದುಡಿಯಬಹುದು ಎಂದು. ಅಕ್ಕನಿಗೆ ವಾಷಿಂಗ್ ಮಷಿನ್ ಬೇಕು. ನೀರು ಎಲ್ಲಿದೆ ಎಂದು ಭಾವ, ಓವರ್‌ಲಾಕ್‌ಗೆ ದಾರ ಕಟಿಂಗ್ ಯಾರು ಮಾಡುತ್ತಾರೆ ಎಂದು ಅಕ್ಕ. ಅತ್ತೆ ಸ್ಟೂಲ್ ಮೇಲೆ ಕೂತು ರೊಟ್ಟಿ ಬೇಯಿಸುತ್ತಾ ಇಬ್ಬರ ಮಾತೂ ಕೇಳುತ್ತಾರೆ, ಇನ್ನೂ ಬಾಯಿ ಬಿಟ್ಟಿಲ್ಲ.